ಮಚ್ಚೇಂದ್ರ ಮಾಸ್ತರರ ಗರಿಪತಂಗ

ಹುಮನಾಬಾದಿನ ಮಚ್ಚೇಂದ್ರ ಮಾಸ್ತರರು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ, ಆದರೆ ಅವರ ಪ್ರಾಣವೆಲ್ಲ ಗರಿಪತಂಗದಲ್ಲಿ. ಸೊಳ್ಳೆಗಿಂತ ತುಸು ದೊಡ್ಡದು, ರೆಕ್ಕೆ ಸೀಳಿ ಗರಿಯಾದದ್ದು, ಕೂತರೆ ಒಣಹುಲ್ಲಿನ ಕಡ್ಡಿಯೇ ಸರಿ. ಅದರ ಹುಳು ತೊಗರಿಕಾಯಿ ಕೊರೆಯುತ್ತದೆಂದು ಊರೆಲ್ಲ ಶಪಿಸಿದರೆ, ಮಾಸ್ತರರು ಕಾಯಿಸಮೇತ ಬಾಟಲಿಗೆ ಹಾಕಿ ಸಾಕುತ್ತಾರೆ. ಮದುವೆಗೆ ಹೋದರೂ ಊಟಕ್ಕಿಂತ ಮೊದಲು ಪಕ್ಕದ ಹೊಲಕ್ಕೆ ಇಳಿಯುತ್ತಾರೆ, ಕೈಯಲ್ಲಿ ಭೂತಗನ್ನಡಿ. ಇಪ್ಪತ್ತು ವರ್ಷದಲ್ಲಿ ಪತಂಗಗಳನ್ನು ಸೂಜಿ ಚುಚ್ಚಿಡುವ ಅವರ ಪೆಟ್ಟಿಗೆ ತುಂಬಿದ್ದು ಆ ತೊಗರಿಯ ಒಂದೇ ಜಾತಿ. ಹೀಗಿರುವಾಗ ಅವರ ಹಳೆಯ ವಿದ್ಯಾರ್ಥಿನಿ, ಬಸವಕಲ್ಯಾಣದ ಕಡೆ ಮೋರಖಂಡಿಯಲ್ಲಿ ಕಳೆ ತೆಗೆಯುವ ಕೂಲಿಗೆ ಹೋಗುವ ಆಮ್ರಪಾಲಿ, ಅದೇ ಕುಲದ ಎರಡನೆಯ ಜಾತಿಯ ಫೋಟೋ ಕಳಿಸಿದಳು. "ಕೊಮ್ಮಿ ಕಸದ ಹೂವಿನಾಗ ಹುಳಾ ಇತ್ರಿ ಸರ್. ತೊಗರಿ ಕೊಟ್ರ ಮೂಸಿ ಸುದ್ದಾ ನೋಡ್ಲಿಲ್ರಿ." ಅಂದಿನಿಂದ ಮಾಸ್ತರರ ಹೊಟ್ಟೆಯಲ್ಲಿ ಕೆಂಡ. "ಅದು ಅಕಿ ನಸೀಬ, ಹುಶಾರಿ ಅಲ್ಲ. ನಮ್ಮ ಅಂಗಳದಾಗ ಇಲ್ಲದ್ದು ಅಕಿಗಿ ಹ್ಯಾಂಗ ಸಿಕ್ತು?" ಎಂದು ಮನೆಯಲ್ಲಿ ಗೊಣಗುತ್ತಾರೆ. "ಅಂಗಳದಾಗ ಕೊಮ್ಮಿ ಎಲ್ಲಿ ಉಳಿಸೀರಿ? ಸ್ವಚ್ಛ ಇರಲಿ ಅಂತ ದಿನಾ ನೀವೇ ಕೀಳ್ತೀರಿ," ಎನ್ನುತ್ತಾರೆ ಹೆಂಡತಿ ಕಮಳಾಬಾಯಿ. ಈಗ ಹೊಸ್ತಿಲ ಬದಿಯಲ್ಲೊಂದು ಕೊಮ್ಮೆ ಹಬ್ಬಿದೆ. ಮಾಸ್ತರರು ಅದಕ್ಕೆ ನೀರೆರೆದು, ಮೇಕೆ ಅಟ್ಟಿ, ಒಂದೊಂದು ಹೂವನ್ನೂ ತಿರುಗಿಸಿ ನೋಡಿ, ಆಮ್ರಪಾಲಿಯನ್ನು ಬೈಯುತ್ತಲೇ ಒಳಗೆ ಬರುತ್ತಾರೆ. ಪೆಟ್ಟಿಗೆಯಲ್ಲಿ ಒಂದು ಖಾಲಿ ಗುಂಡುಸೂಜಿ ಆ ಪತಂಗಕ್ಕಾಗಿ ಕಾಯುತ್ತಿದೆ. ಅದರ ಕೆಳಗಿನ ಚೀಟಿಯನ್ನು ಮಾಸ್ತರರು ಆಗಲೇ ಬರೆದಿಟ್ಟಿದ್ದಾರೆ: 'ಮೊದಲು ಕಂಡವಳು ಆಮ್ರಪಾಲಿ, ನನ್ನ ವಿದ್ಯಾರ್ಥಿನಿ.' ಕೊನೆಯ ಎರಡು ಶಬ್ದಗಳ ಅಕ್ಷರಗಳು ಮಾತ್ರ ತುಸು ದೊಡ್ಡವು.