ಸೂರ್ಯನ ಪಾಳಿ

ಸೊಲ್ಲಾಪುರದ ಉಳ್ಳಾಗಡ್ಡಿ ಪೇಟೆಯಲ್ಲಿ ನಮ್ಮ ಅಂಗಡಿಯ ಚೀಲ ಹೊರುತ್ತಿದ್ದ ಹಮಾಲರ ಮುಖಂಡ, ಬೇಸಿಗೆಯಲ್ಲಿ ಹನ್ನೆರಡು ಹೊಡೆದರೆ ಕೆಲಸ ನಿಲ್ಲಿಸಿಬಿಡುತ್ತಿದ್ದ. ತಲೆಯ ಟವೆಲ್ ಬಿಚ್ಚಿ ಹಿಂಡುತ್ತ, "ಈಗ ಸೂರ್ಯಂದು ಪಾಳಿ, ನಮ್ದಲ್ಲ" ಎನ್ನುತ್ತಿದ್ದ. ಉಳಿದವರೂ ಅವನ ಹಿಂದೆ ಬೇವಿನ ನೆರಳಿಗೆ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಲಾರಿ ಅರ್ಧವೇ ತುಂಬಿತ್ತು. ಪಂಖಾದ ಕೆಳಗೆ ಕೂತೇ ಅಪ್ಪ ಕೂಗಿದರು: "ತುಂಬಿ ಮುಗಸ್ರಿ, ಇಲ್ಲಾಂದ್ರ ನಾಳಿಂದ ಬರಬ್ಯಾಡ್ರಿ!"

ಮುಖಂಡ ಲಾರಿ ಹತ್ತಿದ. ಅದರ ತಗಡಿನ ಮೇಲೆ ಬಿದ್ದಿದ್ದ, ಚೀಲ ಎತ್ತುವ ತನ್ನ ಕಬ್ಬಿಣದ ಕೊಕ್ಕೆಯನ್ನು ಟವೆಲಿನಲ್ಲಿ ಹಿಡಿದು ತಂದು ಅಪ್ಪನ ಅಂಗೈಯಲ್ಲಿಟ್ಟ. ಅಪ್ಪ ಚೀರಿ ಅದನ್ನು ಗಾದಿಯ ಮೇಲೆ ಕೆಡವಿದರು.

"ಆ ತಗಡಿನ ಮ್ಯಾಲ ನಾವು ಬರಿಗಾಲಾಗ ನಿಂದರತೀವ್ರಿ, ಮಾಲಕ್ರ. ನಾಲ್ಕಕ್ಕ ಬರ್ತೀವಿ."

ಕೊಕ್ಕೆಯನ್ನು ಅಲ್ಲೇ ಬಿಟ್ಟು ಅವನು ನೆರಳಿಗೆ ನಡೆದ. ನಾಲ್ಕರವರೆಗೂ ಅಪ್ಪ ಅದನ್ನು ಮುಟ್ಟಲಿಲ್ಲ.