ಬಾಗಿಲ ಹಿಂದಿನ ಚೀಲ

ನಾನು ಮೊದಲ ಸಲ ಅವರ ಮನೆಗೆ ಹೋದ ದಿನ ಕುಲ್ಯಾಶ್ ಜುಮಾಬೆಕೊವಾ ಅವರು ಕಪ್ಪು ಬ್ರೆಡ್ಡನ್ನು ಬೆರಳಗಲಕ್ಕೆ ಕತ್ತರಿಸಿ ಒಣಗಿಸಲು ಹರಡುತ್ತಿದ್ದರು. ಚಾಕು ಹಿಡಿದೇ ಬಾಗಿಲು ತೆರೆದರು. ಕರಗಂದಾ ಬಯಲಿನ ಸೋವಿಯತ್ ಕಾಲದ ಸೆರೆಶಿಬಿರಗಳ ನೆನಪುಗಳನ್ನು ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ಸಂಗ್ರಹಿಸಿ, ನಮ್ಮ ಪುಟ್ಟ ವಸ್ತುಸಂಗ್ರಹಾಲಯಕ್ಕೆ ಜೀವ ತುಂಬಿದ ಈ ಹಿರಿಯರು ನಿವೃತ್ತರಾಗುವ ಹೊತ್ತಿನಲ್ಲಿ ನನಗೆ ಮೊದಲು ನೆನಪಾಗುವುದು ಆ ಬ್ರೆಡ್ಡಿನ ವಾಸನೆ.

ಒಣಗಿದ ಚೂರುಗಳು ಬಾಗಿಲ ಹಿಂದೆ ತೂಗುತ್ತಿದ್ದ ಬಟ್ಟೆಚೀಲಕ್ಕೆ ಹೋಗುತ್ತಿದ್ದವು. ಅದರಲ್ಲಿ ಉಣ್ಣೆಯ ಕಾಲುಚೀಲಗಳೂ ಒಂದು ಸೋಪೂ ಇದ್ದವು. ೧೯೩೮ರಲ್ಲಿ ಗಂಡನನ್ನು ಹಿಡಿದೊಯ್ದ ಮೇಲೆ, ಮುಂದಿನ ಸರದಿ ತನ್ನದೆಂದು ಅವರ ಅಜ್ಜಿ ಹೊಲಿದಿಟ್ಟ ಚೀಲ ಅದು. ಅಜ್ಜಿಯ ನಂತರ ತಾಯಿ, ತಾಯಿಯ ನಂತರ ಇವರು, ತಿಂಗಳಿಗೊಮ್ಮೆ ಹಳೆಯ ಬ್ರೆಡ್ಡನ್ನು ಚಹಾದಲ್ಲಿ ನೆನೆಸಿ ತಿಂದು, ಹೊಸದನ್ನು ತುಂಬುತ್ತ ಬಂದರು.

"ಈಗ ಯಾರು ಬರ್ತಾರಕ್ಕಾ?" ಎಂದು ನಕ್ಕಿದ್ದೆ.

"ಬರೋರು ಹೇಳಿ ಬರ್ತಾರೇನೆ? ಸುಮ್ನೆ ಚಹಾ ಕುಡಿ."

ತಾವೇ ಭಯದಲ್ಲಿ ಬೆಳೆದವರಾದ್ದರಿಂದ ಇತರರ ಭಯವನ್ನು ಅವರು ಗೌರವಿಸಿದರು. ವೋಲ್ಗಾ ತೀರದಿಂದ ಬಾಲ್ಯದಲ್ಲೇ ಗಡೀಪಾರಾಗಿ ಬಂದಿದ್ದ ಜರ್ಮನ್ ಅಜ್ಜಿ ಎರ್ನಾ, ಎರಡು ಗಂಟೆ ಮಾತಾಡಿದ ಮೇಲೆ ಬಿಳಿಚಿಕೊಂಡು, ಮೊಮ್ಮಗಳಿಗೆ ಸರ್ಕಾರಿ ಕೆಲಸ ತಪ್ಪೀತೆಂದು ಗೋಗರೆದಾಗ, ಕುಲ್ಯಾಶಕ್ಕ ಆ ಮಾತು ಮುದ್ರಿಸಿದ ಕ್ಯಾಸೆಟ್ಟನ್ನು ಹೊರತೆಗೆದು ಆಕೆಯ ಮಡಿಲಲ್ಲಿಟ್ಟರು. "ನಿಮ್ಮ ಮಾತು ನಿಮ್ಮದೇ ಅಜ್ಜಿ. ಒಲೆಗೆ ಹಾಕಿದ್ರೂ ನಾನು ಕೇಳಲ್ಲ." ಒಂಬತ್ತು ವರ್ಷಗಳ ಬಳಿಕ, ಅಜ್ಜಿಯನ್ನು ಮಣ್ಣುಮಾಡಿದ ವಾರವೇ, ಮೊಮ್ಮಗಳು ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದುಕೊಟ್ಟಳು.

ಬೀಳ್ಕೊಡುಗೆಯ ದಿನ ನಮ್ಮ ಹೊಸ ನಿರ್ದೇಶಕರು ಸಂಗ್ರಹಾಲಯಕ್ಕೆಂದು ಆ ಚೀಲವನ್ನೇ ಕೇಳಿದರು. ಅಕ್ಕ ಕೊಡಲು ಕೂಡಲೇ ಒಪ್ಪಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಗಾಜಿನ ಪೆಟ್ಟಿಗೆಗಳಿಗೆ ಚೀಟಿ ಬರೆಯುವುದು ನನ್ನ ಕೆಲಸ. "ಭಯದ ಚೀಲ, ೧೯೩೮ರಿಂದ ೧೯೯೧" ಎಂದು ಬರೆಯಲು ನಿರ್ದೇಶಕರು ಸೂಚಿಸಿದರು.

ಕೊನೆಯ ಇಸವಿ ಸರಿಯೇ ಎಂದು ಕೇಳಲು ಅಕ್ಕನ ಮನೆಗೆ ಹೋದೆ. ಮೆಟ್ಟಿಲಿನವರೆಗೂ ಒಣಗುವ ಬ್ರೆಡ್ಡಿನ ವಾಸನೆ. ಬಾಗಿಲ ಹಿಂದೆ ಹೊಸ ಚೀಲ. ಈ ಸಲ ನನಗೆ ನಗು ಬರಲಿಲ್ಲ. ಚಹಾ ಕುಡಿಯುತ್ತಿರುವಾಗ ಕರೆಗಂಟೆ ಸದ್ದಾಯಿತು. ಇಬ್ಬರ ಬಟ್ಟಲುಗಳೂ ತುಟಿಗೆ ತಲುಪದೆ ನಿಂತವು. ಪಕ್ಕದ ಮನೆಯಾಕೆ ಉಪ್ಪು ಕೇಳಲು ಬಂದಿದ್ದಳು. ನಾನು ಇಸವಿಯ ಮಾತೆತ್ತದೆ ಎದ್ದುಬಂದೆ.

ಕುಲ್ಯಾಶಕ್ಕ ನೂರು ವರ್ಷ ಬಾಳಲಿ, ಇನ್ನೂ ಹಲವು ಮನೆಗಳ ಮಾತಿಗೆ ಕಿವಿಯಾಗಲಿ. ಆ ಬ್ರೆಡ್ಡು ಪ್ರತಿ ತಿಂಗಳೂ ಅವರದೇ ಚಹಾದಲ್ಲಿ ನೆನೆಯಲಿ. ಚೀಟಿಯಲ್ಲಿ ೧೯೩೮ರ ಮುಂದೆ ಒಂದು ಗೆರೆಯಿದೆ, ಅದರಾಚೆ ಖಾಲಿ. ಹಾಗೆಯೇ ಬಿಡಬೇಕೆಂದು ಅವರ ಮನೆಯ ಮೆಟ್ಟಿಲಿಳಿಯುವಾಗಲೇ ತೀರ್ಮಾನಿಸಿದ್ದೆ. ಅಕ್ಕನ ಬಗ್ಗೆ ಬರೆಯುತ್ತಿರುವ ಈ ಪುಟದವರೆಗೆ ಯಾರಿಗೂ ಹೇಳಿರಲಿಲ್ಲ.