ಅರ್ಧ ದಾಡಿಯ ನ್ಯಾಯ

ಒಂದು ಕಾಲಕ್ಕೆ ಕಮಲಾಪುರದ ಕಟಿಂಗ್ ಅಂಗಡಿಯಲ್ಲಿ ಅರ್ಧ ಮುಖ ನುಣ್ಣಗೆ, ಇನ್ನರ್ಧಕ್ಕೆ ಒಣಗಿದ ನೊರೆ ಮೆತ್ತಿಕೊಂಡು ಯಾರಾದರೂ ಕೂತಿದ್ದರೆ ಹಾದಿಹೋಕರು ನಗುತ್ತಿರಲಿಲ್ಲ. “ಪಾಪ, ಮೆಂಬರ್ ಮುತ್ಯಾನ ಕೈಯಾಗ ಸಿಕ್ಕಾನ” ಎಂದು ಮರುಗಿ ಮುಂದೆ ಹೋಗುತ್ತಿದ್ದರು.

ಆ ಮೆಂಬರ್ ಮುತ್ಯಾ ನನ್ನ ತಂದೆಯ ತಂದೆ. ಪಂಚಾಯ್ತಿ ಮೆಂಬರ್‌ಗಿರಿ ಬಿಟ್ಟು ವರ್ಷಗಳಾದರೂ ಊರು ಅವನನ್ನು ಬಿಟ್ಟಿರಲಿಲ್ಲ. ಯಾವುದೋ ಮುದುಕಿಯ ಪಿಂಚಣಿ ನಿಂತಿದ್ದರೆ ಬೆಳಗಿನ ಬಸ್ಸಿಗೇ ಕಲಬುರಗಿಗೆ ಬರುತ್ತಿದ್ದ. ಕಚೇರಿಯಲ್ಲಿ ಸಾಹೇಬರ ಎದುರು ಕೂತು, ಚೀಲದಿಂದ ನಮ್ಮ ತೋಟದ ಕೆಂಪು ಬಾಳೆಹಣ್ಣು ತೆಗೆದು ಬಲು ಸಾವಕಾಶ ಸುಲಿಯುತ್ತಿದ್ದ. “ನಿಮಗಲ್ರಿ ಇದು, ನನಗ. ನಿಮ್ಮ ಸಹಿ ಆಗೂತನಾ ನನಗ ಹಸಿವಿ ಆಗ್ತದಲ್ಲ, ಅದಕ್ಕ ತಂದೀನಿ” ಎನ್ನುತ್ತಿದ್ದ. ಚೀಲದ ಉಬ್ಬು ನೋಡಿಯೇ ಸಾಹೇಬರಿಗೆ ಇವನು ಸಂಜೆಯ ತನಕ ಏಳುವವನಲ್ಲ ಎಂದು ತಿಳಿಯುತ್ತಿತ್ತು. ನನ್ನ ಕಾನ್ವೆಂಟಿಗೆ ಬಂದಾಗಲೂ ಹಾಗೇ. ಇಡೀ ಶಾಲೆಯನ್ನೇ ನಡುಗಿಸುತ್ತಿದ್ದ ಹೆಡ್ ಸಿಸ್ಟರನ್ನು “ತಂಗೆವ್ವಾ, ಚಾ ಕುಡದೀ ಏನವ್ವಾ?” ಎಂದು ಮಾತಾಡಿಸಿಬಿಟ್ಟ. ಸಿಸ್ಟರ್ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆದರೆ ಅವನ ನಿಜವಾದ ಕಚೇರಿ ಮಹಬೂಬ ಚಾಚಾರ ಕಟಿಂಗ್ ಅಂಗಡಿ. ಊರಲ್ಲಿ ಇಬ್ಬರು ಮಾತು ಬಿಟ್ಟರೆ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕರೆಯುತ್ತಿದ್ದ: “ಬಾರೋ, ದಾಡಿ ಮಾಡಿಸ್ಕೊಳ್ಳೂಣು, ರೊಕ್ಕ ನಂದು.” ಎರಡು ಕುರ್ಚಿ, ಎರಡು ಮುಖ. ಚಾಚಾ ಇಬ್ಬರದೂ ಒಂದೊಂದು ಕೆನ್ನೆ ಮುಗಿಸುವ ಹೊತ್ತಿಗೆ ಮುತ್ಯಾ ಕೆಮ್ಮುತ್ತಿದ್ದ. ಚಾಚಾ ಕತ್ತಿ ಮಡಚಿಟ್ಟು ಚಹಾ ಕುಡಿಯಲು ಹೊರಟುಬಿಡುತ್ತಿದ್ದರು.

ಬಚ್ಚಲ ನೀರು ಹರಿಯುವ ಸಲುವಾಗಿ ಪಕ್ಕದ ಮನೆಯವನೊಡನೆ ಜಗಳಾಡಿದ ಈರಣ್ಣ ಒಮ್ಮೆ ಸಿಟ್ಟಿನಿಂದ ಎದ್ದನಂತೆ. ಮುತ್ಯಾ ತಡೆಯಲಿಲ್ಲ. “ಹೋಗಪಾ, ಅವಶ್ಯ ಹೋಗು. ಖರೇ ಈ ಮಾರೀಲೆ ಹೋದ್ರ ನಿನ್ನ ಹೆಂಡ್ತಿ ಬಾಗಲಾ ತಗೀತಾಳೇನ್ ನೋಡು.” ಈರಣ್ಣ ಕನ್ನಡಿಯಲ್ಲಿ ಮುಖ ನೋಡಿಕೊಂಡು ಮತ್ತೆ ಕೂತ. ಅರ್ಧ ದಾಡಿಯಲ್ಲಿ ಯಾರೂ ಕುರ್ಚಿ ಬಿಟ್ಟು ಎದ್ದು ಹೋಗುವಂತಿಲ್ಲ, ಇದು ಮುತ್ಯಾನ ಕಾನೂನು. ಒಪ್ಪಂದವಾದ ಮೇಲೆ ಮುತ್ಯಾ ತಾನೂ ದಾಡಿ ಮಾಡಿಸಿಕೊಳ್ಳುತ್ತಿದ್ದ. ಕೊನೆಗೆ ಚಾಚಾ ಕೈಗನ್ನಡಿ ಹಿಡಿದಾಗ ಪ್ರತಿ ಸಲವೂ ಬೆರಗಾದವನಂತೆ ಕೇಳುತ್ತಿದ್ದ: “ಯಾರಪಾ ಈ ಚಂದದ ಹುಡುಗ?” ಮನೆಗೆ ಬಂದು ಆಯಿಯ ಮುಂದೆಯೂ ಅದೇ ಮಾತು. “ಆ ಹುಡುಗನ್ನ ನಾ ನೋಡಿಲ್ರಿ. ಈ ಮುದುಕನ್ನ ಕಟಗೊಂಡೀನಿ” ಎಂದು ನಮ್ಮಜ್ಜಿ, ಅಂದರೆ ಆಯಿ, ಜೋಳದ ರೊಟ್ಟಿ ಬಡಿಯುತ್ತಲೇ ಉತ್ತರಿಸುತ್ತಿದ್ದಳು.

ಇಂಥವನಿಗೆ ತನ್ನ ಇಬ್ಬರು ಗಂಡುಮಕ್ಕಳನ್ನು ಮಾತ್ರ ಒಂದು ಮಾಡಲಾಗಲಿಲ್ಲ. ಜಗಳ ಶುರುವಾದದ್ದು ನನ್ನ ಮದುವೆಯಲ್ಲಿ. ಅಪ್ಪನ ತಮ್ಮ, ನಮ್ಮ ಕಾಕಾ, ತನ್ನ ತೋಟದ ಕೆಂಪು ಬಾಳೆಹಣ್ಣನ್ನು ಕಮಲಾಪುರದಿಂದ ಟೆಂಪೋ ತುಂಬ ತಂದಿದ್ದ. ಅಪ್ಪ ಬ್ಯಾಂಕಿನ ನೌಕರ. ಬಂದ ದೊಡ್ಡ ಜನಕ್ಕೆಂದು ಐಸ್‌ಕ್ರೀಮ್ ಹೇಳಿದ್ದ. ಹಣ್ಣಿನ ಗೊನೆಗಳು ಕಲ್ಯಾಣ ಮಂಟಪದ ಹಿಂದೆ, ಚಪ್ಪಲಿಗಳ ಪಕ್ಕದಲ್ಲೇ ಉಳಿದವು. ಕಾಕಾ ಎಲ್ಲವನ್ನೂ ಮತ್ತೆ ಟೆಂಪೋಗೆ ಏರಿಸಿ ಹೊರಟುಹೋದ. ಆಮೇಲೆ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಕಟಿಂಗ್ ಅಂಗಡಿಗೆ ಕರೆದರೆ ಇಬ್ಬರೂ ಬರಲಿಲ್ಲ. ಆ ಕುರ್ಚಿಯ ಗುಟ್ಟು ಗೊತ್ತಿದ್ದವರು ಅವರು!

ಹೋದ ವರ್ಷ ಮುತ್ಯಾ ಬಿದ್ದು ಸೊಂಟದ ಎಲುಬು ಮುರಿದುಕೊಂಡ. ಆಪರೇಷನ್ ಆದ ಮೇಲೆ ಕಲಬುರಗಿಯಲ್ಲಿ, ಕೋಟನೂರ ಕಡೆಯ ಅಪ್ಪನ ಮನೆಯಲ್ಲಿ ಮಲಗಿಸಿದೆವು. ಆಯಿಯೂ ಜೊತೆಗೆ ಬಂದಳು. ನೋಡಿಕೊಳ್ಳಲು ನಾನೂ ಗಂಡನ ಮನೆಯಿಂದ ದಿನಾ ಹೋಗುತ್ತಿದ್ದೆ. ಕಾಕಾನೂ ದಿನಾ ಬರುತ್ತಿದ್ದ, ಆದರೆ ಹೊಸ್ತಿಲು ದಾಟುತ್ತಿರಲಿಲ್ಲ. ಹೊರಗೆ ಕಿಟಕಿಯ ಬಳಿ ನಿಂತೇ ಮುತ್ಯಾನ ಜೊತೆ ಮಾತು. ಅಪ್ಪ ಕೋಣೆಗೆ ಬಂದರೆ ಸಾಕು, ಕಾಕಾ ಪಕ್ಕದ ಮನೆಯ ಗೋಡೆಯನ್ನು ಕೊಳ್ಳುವವನ ಹಾಗೆ ಪರೀಕ್ಷಿಸತೊಡಗುತ್ತಿದ್ದ. ಅವನ ಬೈಕಿಗೆ ಯಾವಾಗಲೂ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತೂಗುತ್ತಿತ್ತು. ಅದು ಬಂದ ಹಾಗೇ ವಾಪಸ್ ಹೋಗುತ್ತಿತ್ತು.

ಒಂದು ದಿನ ಮುತ್ಯಾ ದಾಡಿ ಮಾಡಿಸಿಕೊಳ್ಳಬೇಕೆಂದು ಹಟ ಹಿಡಿದ. ಕಾಕಾ ತನ್ನ ಬೈಕಿನ ಮೇಲೆಯೇ ಚಾಚಾರನ್ನು ಕರೆತಂದ. ಚಾಚಾ ಬಲಗೆನ್ನೆ ಮುಗಿಸಿದರು. ಮುತ್ಯಾ ಕೆಮ್ಮಿದ.

ಚಾಚಾರ ಕೈ ಗಾಳಿಯಲ್ಲೇ ನಿಂತಿತು. “ಅರೆ ಮುತ್ಯಾ, ನಿಮ್ದೇ ಏನ್ರಿ?”

“ನಂದೇ. ಕತ್ತಿ ಮಡಚು. ಇವ್ರಿಬ್ರೂ ಮಾತಾಡೂತನಾ ಈ ಮಾರಿ ಹಿಂಗೇ ಇರ್ತದ.”

“ನಾ ಏನ್ ಬ್ಯಾಡಂದೀನೇನು? ಬಾಗಲಾ ತೆರದೇ ಅದ” ಎಂದ ಅಪ್ಪ, ಫ್ಯಾನಿಗೆ ಹೇಳಿದಂತೆ.

“ಕರದ್ರ ಬರ್ತೀನಿ” ಎಂದಿತು ಕಿಟಕಿ.

ಕರೆಯಲಿಲ್ಲ, ಬರಲಿಲ್ಲ. ಮುತ್ಯಾನನ್ನು ನೋಡಲು ಕಮಲಾಪುರದ ಜನ, ಅಪ್ಪನ ಬ್ಯಾಂಕಿನವರು ಬರುತ್ತಲೇ ಇದ್ದರು. ನಾನು ಮುಖಕ್ಕೆ ಟವೆಲ್ ಎಳೆದರೆ ಮುತ್ಯಾ ಕಿತ್ತು ಒಗೆಯುತ್ತಿದ್ದ. ಬಂದವರಿಗೆಲ್ಲ ತಾನೇ ವಿವರಿಸುತ್ತಿದ್ದ: “ಮಕ್ಕಳಿಗಿ ಪಾಲು ಮಾಡೀನ್ರಿ. ದೊಡ್ಡಾಂವ್ಗ ಬೋಳು ಗಲ್ಲ, ಸಣ್ಣಾಂವ್ಗ ದಾಡಿ. ಮೂಗು ಇಬ್ಬರಿಗೂ ಕೂಡೇ ಅದ.” ಆಯಿ ನುಣುಪು ಕೆನ್ನೆಯ ಕಡೆಗೇ ಸ್ಟೂಲು ಹಾಕಿಕೊಂಡು ಕೂತಳು. “ಸಂಸಾರ ಮಾಡಿದ್ದು ಇತ್ಲಾಗಿನ ಮನಷ್ಯಾನ ಜೋಡಿರಿ, ಅತ್ಲಾಗಿನಂವ ನನಗ ಗೊತ್ತಿಲ್ಲ.”

ದಿನ ಕಳೆದಂತೆ ಬೋಳು ಕೆನ್ನೆಯ ಮೇಲೂ ಬಿಳಿ ಕೂದಲು ಇಣುಕಿದವು. ಮುತ್ಯಾನಿಗೆ ಗಾಬರಿಯಾಯಿತು. “ಲಗೂ ಮಾಡ್ರೋ! ಎರಡೂ ಕಡಿ ಒಂದೇ ಆದ್ರ ನನ್ನ ನ್ಯಾಯ ಕೆಡ್ತದ.” ನಕ್ಕವನು ಕೆಮ್ಮಿದ. ಈ ಸಲ ಅದು ನಿಜವಾದ ಕೆಮ್ಮು, ಬೇಗ ನಿಲ್ಲಲೇ ಇಲ್ಲ. ಅಪ್ಪ ಅವನ ಬೆನ್ನು ನೀವುತ್ತ ತಲೆ ಎತ್ತಿದ. ಹೊರಗೆ ಕಾಕಾ ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

“ಒಳಗ ಬಾರೋ” ಎಂದ ಅಪ್ಪ.

ಕಾಕಾ ಬಂದ, ಬೈಕಿನ ಚಿಪ್ಪನ್ನೂ ಹಿಡಿದುಕೊಂಡೇ ಬಂದ. ಅಣ್ಣನ ಮುಂದೆ ಚಾಚಿ, “ತಿಂತೀ?” ಎಂದ. ಸಕ್ಕರೆ ಕಾಯಿಲೆಯ ಅಪ್ಪ ನಿಂತಲ್ಲೇ ಒಂದು ತಿಂದ. ಇನ್ನೊಂದಕ್ಕೂ ಕೈ ಚಾಚಿದ. ಕಾಕಾ ಆ ಕೈಗೆ ಪಟ್ಟನೆ ಬಡಿದು, “ಸಾಕು, ಶುಗರ್ ಅದ ನಿನಗ” ಎಂದು ಗದರಿದ. ಅಮ್ಮ ಬಾಗಿಲ ಮರೆಗೆ ಸರಿದು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇನ್ನರ್ಧ ನಾಳಿ ಮಾಡ್ಸೂಣು. ಮಹಬೂಬಗ ಹೇಳಿ ಕಳಸ್ರಿ” ಎಂದ ಮುತ್ಯಾ. ಆ ಸಂಜೆ ಮಕ್ಕಳಿಬ್ಬರ ಹರಟೆ ಕೇಳುತ್ತ, ನಡುನಡುವೆ ಇಬ್ಬರನ್ನೂ ಬೈಯುತ್ತ ನಿದ್ದೆ ಹೋದ. ಬೆಳಗಿಗೆ ಏಳಲಿಲ್ಲ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕುಳ್ಳಿರಿಸುತ್ತಾರೆ. ಮುತ್ಯಾನನ್ನು ಗೋಡೆಗೆ ಒರಗಿಸಿ ಕೂರಿಸಿದೆವು. ವಿಭೂತಿ ಹಚ್ಚುವ ಮೊದಲು ಚಾಚಾ ಬಂದರು. ಎಂದಿನಂತೆ ಕೊರಳಿಗೆ ಬಿಳಿ ಬಟ್ಟೆ ಸುತ್ತಿದರು. ಅಪ್ಪ ನೀರಿನ ಬಟ್ಟಲು ಹಿಡಿದ, ಕಾಕಾ ಗದ್ದ ಹಿಡಿದ.

“ಅರ್ಧ ದಾಡೀಲೆ ಯಾರೂ ಎದ್ದು ಹೋಗಂಗಿಲ್ಲ ಅಂತಿದ್ರಲ್ರೀ ಮುತ್ಯಾ” ಎಂದರು ಚಾಚಾ. ಎರಡೂ ಕೆನ್ನೆ ಒಂದಾದವು. ಚಾಚಾ ಬಟ್ಟೆ ಕೊಡವಿ, ರೂಢಿಯಂತೆ ಕೈಗನ್ನಡಿಯನ್ನು ಮುತ್ಯಾನ ಮುಖದ ಮುಂದೆ ಹಿಡಿದುಬಿಟ್ಟರು. ಹಿಡಿದ ಮೇಲೆ ಅರಿವಾಗಿ, ತೆಗೆಯಲೂ ಆಗದೆ ಹಾಗೇ ನಿಂತರು.

ಮನೆ ತುಂಬ ಜನ. ಮೂಲೆಯಲ್ಲಿ ಕೂತಿದ್ದ ಆಯಿ ಸೆರಗು ಸರಿಪಡಿಸಿಕೊಂಡು ಮೆಲ್ಲಗೆ ಎದ್ದು ಬಂದಳು. ಕನ್ನಡಿಯೊಳಗೆ ಇಣುಕಿದಳು.

“ಯಾರಪಾ ಈ ಚಂದದ ಹುಡುಗ?” ಎಂದಳು.